ಬಿರುಗಾಳಿಯ ನಂತರದ ಹಡಗು

ಯೌವನಸ್ಥರ ಕೂಟದ ಸಂದೇಶ
ಸತ್ಯವೇದ ಭಾಗ: ಅಪೊಸ್ತಲರ ಕೃತ್ಯಗಳು 27:1ರಿಂದ 28:15
ಜೊತೆಗೆ ಓದಿ: ಕೀರ್ತನೆ 56, ರೋಮಾಪುರದವರಿಗೆ 8:38-39, 2 ತಿಮೊಥೆಯ 1:7

ಈ ಸಂಜೆ ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ ಇಲ್ಲಿಗೆ ಬಂದಿದ್ದೀರಿ. ದೇವರಿಗೆ ಸ್ತೋತ್ರ.

ಒಂದು ಪ್ರಶ್ನೆ ಕೇಳ್ತೀನಿ. ಫ್ಲೈಟ್ ಟೇಕಾಫ್ ಆಗುವಾಗ ಸೀಟಿನ ಕೈ ಗಟ್ಟಿಯಾಗಿ ಹಿಡ್ಕೊಳ್ಳೋರು ಎಷ್ಟು ಜನ ಇದ್ದೀರಿ? ನೋಡಿ, ಅರ್ಧ ಕೈಗಳು ಮೇಲೆದ್ದವು. ಉಳಿದ ಅರ್ಧ ಜನ ಪಕ್ಕದವರು ನೋಡ್ತಾರೆ ಅಂತ ಎತ್ತಲಿಲ್ಲ, ಅಲ್ವಾ?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು. ಆ ವಿಡಿಯೋವನ್ನು ನಾವೆಲ್ಲಾ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ನಮ್ಮ ಕರಾವಳಿಯ ಕುಟುಂಬಗಳು 2010ರ ಮೇ 22ನ್ನೂ ಮರೆತಿಲ್ಲ. ಅಂದು ಮಂಗಳೂರಿನ ಬಜ್ಪೆಯಲ್ಲಿ 166 ಮಂದಿಯಲ್ಲಿ 158 ಜನ ತೀರಿಹೋದರು. ಹೀಗಿರುವಾಗ ಹೆದರುವುದು ಹುಚ್ಚುತನವಲ್ಲ. ಆದರೆ ಆ ಭಯ ನಮ್ಮ ಜೀವನದ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟರೆ ಏನು ಮಾಡೋದು? ಇವತ್ತಿನ ಪಾಠ ಅದೇ.

1. ಹೆದರಿದವರ ಪಟ್ಟಿಯಲ್ಲಿ ಯಾರಿದ್ದಾರೆ?

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಸತ್ಯವೇದದ ಅತಿ ಉದ್ದವಾದ ಸಮುದ್ರಯಾನದ ವರದಿ. ಪೌಲನು ಕೈದಿಯಾಗಿ ರೋಮಾಪುರಕ್ಕೆ ಹೋಗುತ್ತಿದ್ದಾನೆ. ಹಡಗಿನಲ್ಲಿ 276 ಮಂದಿ. ಕ್ರೇತ ದ್ವೀಪದ ಹತ್ತಿರ ಮೊದಲು ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಎಲ್ಲರಿಗೂ ಖುಷಿ. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದ ಬಿರುಗಾಳಿ ಹಡಗನ್ನು ಹಿಡಿದುಕೊಂಡಿತು. ಹಲವು ದಿನ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಆ ಕಾಲದ ನಾವಿಕರಿಗೆ ಅದೇ ದಿಕ್ಕು ತೋರಿಸುವ ಜಿಪಿಎಸ್. ಅದೂ ಹೋಯಿತು.

20ನೇ ವಚನ ಗಮನಿಸಿ. ಬದುಕುವ ನಿರೀಕ್ಷೆ ಪೂರ್ತಿ ಹೋಯಿತು ಅಂತ ಲೂಕನು ಬರೆಯುವಾಗ "ಅವರಿಗೆ" ಅಂತ ಬರೆಯಲಿಲ್ಲ, "ನಮಗೆ" ಅನ್ನುವ ಅರ್ಥದಲ್ಲಿ ಬರೆದ. ಸುವಾರ್ತೆ ಬರೆದ ಲೂಕ ಆತ. ವೈದ್ಯ, ಪ್ರಾರ್ಥನೆಯ ಮನುಷ್ಯ. ತಾನೂ ಕೈಚೆಲ್ಲಿದೆ ಅಂತ ಪವಿತ್ರಾತ್ಮನ ಪ್ರೇರಣೆಯಿಂದಲೇ ದಾಖಲೆ ಮಾಡಿದ್ದಾನೆ.

ಇನ್ನು ಪೌಲ? ರಾತ್ರಿ ದೇವದೂತನು ಬಂದು ಅವನಿಗೆ ಮೊದಲು ಹೇಳಿದ್ದೇ ಭಯಪಡಬೇಡ ಅಂತ. ಹೆದರದೇ ಇರೋನಿಗೆ ಯಾರಾದ್ರೂ ಆ ಮಾತು ಹೇಳ್ತಾರಾ? ಕೊರಿಂಥದಲ್ಲಿ ಇದ್ದಾಗಲೂ ಕರ್ತನು ದರ್ಶನದಲ್ಲಿ ಅವನಿಗೆ ಅದೇ ಮಾತು ಹೇಳಬೇಕಾಯಿತು. ಅಲ್ಲಿನ ಸಭೆಗೆ ಬರೆದ ಪತ್ರದಲ್ಲಿ ತಾನು ಭಯದಿಂದಲೂ ನಡುಕದಿಂದಲೂ ಅವರ ಮಧ್ಯೆ ಇದ್ದೆ ಅಂತ ಪೌಲನೇ ಒಪ್ಪಿಕೊಳ್ಳುತ್ತಾನೆ.

ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿದ ದಾವೀದನ ಹೆಸರಿನಲ್ಲಿ 56ನೇ ಕೀರ್ತನೆ ಇದೆ. ಭಯ ತನ್ನ ಹತ್ತಿರ ಸುಳಿಯುವುದೇ ಇಲ್ಲ ಅಂತ ಅವನು ಅಲ್ಲಿ ಹೇಳುವುದಿಲ್ಲ. ಭಯ ಬಂದ ಗಳಿಗೆಯಲ್ಲಿ ಯಾರ ಕಡೆ ತಿರುಗುತ್ತೇನೆ ಅನ್ನೋದನ್ನು ಹೇಳುತ್ತಾನೆ. ಅಂದರೆ ಭಯ ಮತ್ತು ಭರವಸೆ ಒಂದೇ ಹೃದಯದಲ್ಲಿ, ಒಂದೇ ನಿಮಿಷದಲ್ಲಿ ಇರಬಹುದು.

ಸಭೆಯ ಚರಿತ್ರೆಯಿಂದಲೂ ಒಂದು ಉದಾಹರಣೆ. 1736ರ ಜನವರಿಯಲ್ಲಿ ಜಾನ್ ವೆಸ್ಲಿ ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಗೆ ಹಡಗಿನಲ್ಲಿ ಹೋಗುತ್ತಿದ್ದರು. ಆಗಲೇ ಅವರು ದೀಕ್ಷೆ ಪಡೆದ ಬೋಧಕರು. ದೊಡ್ಡ ಅಲೆಯೊಂದು ಹಾಯಿಯನ್ನು ಸೀಳಿ ಹಡಗಿನ ಮೇಲೆ ಬಿತ್ತು, ಇಂಗ್ಲಿಷ್ ಪ್ರಯಾಣಿಕರು ಕಿರುಚಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ವಿಶ್ವಾಸಿಗಳು ಮಾತ್ರ ಕೀರ್ತನೆ ಹಾಡುವುದನ್ನು ನಿಲ್ಲಿಸಲಿಲ್ಲ. ಆ ಪ್ರಯಾಣದಲ್ಲಿ ತನಗೆ ಸಾವಿನ ಭಯ ಇತ್ತು ಅಂತ ವೆಸ್ಲಿ ದಿನಚರಿಯಲ್ಲಿ ಮುಚ್ಚಿಡಲಿಲ್ಲ. ನಿಮಗೆ ಹೆದರಿಕೆ ಆಗಲಿಲ್ವಾ ಅಂತ ಆಮೇಲೆ ಮೊರೇವಿಯನ್ನರನ್ನು ಕೇಳಿದರು. ಅವರು ಹಡಗು ಮುಳುಗೋದಿಲ್ಲ ಅನ್ನುವ ಗ್ಯಾರಂಟಿ ತಮಗಿತ್ತು ಅಂತ ಹೇಳಲಿಲ್ಲ. ತಮ್ಮ ಜನರಿಗೆ ಸಾಯುವ ಭಯ ಇಲ್ಲ ಅಂತ ಹೇಳಿದರು. ಈ ಎರಡರ ನಡುವೆ ಬಹಳ ವ್ಯತ್ಯಾಸ ಇದೆ. ಅದನ್ನು ನೆನಪಿಟ್ಟುಕೊಳ್ಳಿ.

2. ಶರೀರ ಮರೆಯುವುದಿಲ್ಲ

ಈ ವಿಷಯ ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಸಂಜೆ ಬೆಂಗಳೂರಿನಿಂದ ಕೋಲ್ಕತ್ತಾಗೆ ಫ್ಲೈಟ್‌ನಲ್ಲಿ ಹೋಗುತ್ತಿದ್ದೆ. ಬಂಗಾಳದಲ್ಲಿ ಆ ತಿಂಗಳುಗಳಲ್ಲಿ ಸಂಜೆ ಹೊತ್ತಿಗೆ ಗುಡುಗು ಬಿರುಗಾಳಿ ಏಳುತ್ತದೆ, ಕಾಲಬೈಶಾಖಿ ಅಂತ ಕರೀತಾರೆ. ಇಳಿಯಲು ಅರ್ಧ ಗಂಟೆ ಇದ್ದಾಗ ವಿಮಾನ ಕುಲುಕಾಡಲು ಶುರುವಾಯಿತು. ಗಗನಸಖಿಯರನ್ನೂ ಕೂತುಕೊಳ್ಳಿ ಅಂದರು. ಆಮೇಲೆ ಒಂದು ಸಲ ಹೊಟ್ಟೆಯೇ ಕೆಳಗೆ ಬಿದ್ದ ಹಾಗೆ ಆಯಿತು. ಎದುರಿನವರ ನೀರಿನ ಬಾಟಲಿ ಮೇಲಕ್ಕೆ ಹಾರಿತು. ಒಂದು ಮಗು ಅಳುತ್ತಿತ್ತು. ಹಿಂದಿನ ಸೀಟಿನ ವಯಸ್ಸಾದ ತಾಯಿ "ದುರ್ಗಾ, ದುರ್ಗಾ" ಅನ್ನುತ್ತಿದ್ದರು. ನಾನು "ಯೇಸಪ್ಪಾ, ಯೇಸಪ್ಪಾ" ಅನ್ನುತ್ತಿದ್ದೆ. ಬೇರೆ ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ರನ್‌ವೇ ದೀಪಗಳು ಕಿಟಕಿಯಲ್ಲಿ ಕಾಣಿಸಿದವು, ಅಬ್ಬಾ ಅಂದುಕೊಂಡೆ. ಅಷ್ಟರಲ್ಲಿ ಎಂಜಿನ್ ಗರ್ಜಿಸಿ ವಿಮಾನ ಮತ್ತೆ ಮೇಲಕ್ಕೆ ಏರಿತು. ಕೊನೆಗೆ ಭುವನೇಶ್ವರದಲ್ಲಿ ಇಳಿಸಿದರು. ಯಾರಿಗೂ ಗಾಯ ಆಗಲಿಲ್ಲ.

ದೇವರಿಗೆ ಸ್ತೋತ್ರ ಹೇಳಿ ಮನೆಗೆ ಬಂದೆ. ಸಾಕ್ಷಿಯನ್ನೂ ಹೇಳಿದೆ. ಆದರೆ ಶರೀರ ಮನೆಗೆ ಬರಲಿಲ್ಲ, ಅದು ಇನ್ನೂ ಅದೇ ಸೀಟಿನಲ್ಲಿ ಕೂತಿತ್ತು. ಆಫೀಸಿನ ಲಿಫ್ಟ್ "ಟಿಂಗ್" ಅಂದರೆ ಸಾಕು, ಸೀಟ್‌ಬೆಲ್ಟ್ ಸೂಚನೆಯ ಶಬ್ದ ನೆನಪಾಗಿ ಅಂಗೈ ಬೆವರುತ್ತಿತ್ತು. ಹದಿನಾಲ್ಕು ತಿಂಗಳು ವಿಮಾನ ಹತ್ತಲಿಲ್ಲ. ಎಲ್ಲಿಗೆ ಹೋಗಬೇಕಾದರೂ ರೈಲು.

ಇದು ಯಾಕೆ ಹೀಗೆ? ನಮ್ಮ ಮಿದುಳಿನಲ್ಲಿ ಅಮಿಗ್ಡಲ ಅನ್ನೋ ಸಣ್ಣ ಭಾಗ ಇದೆ. ಅಪಾಯದ ಸೈರನ್ ಅಂದುಕೊಳ್ಳಿ. ಒಂದು ಸಲ ಗಾಬರಿಯಾದಾಗ ಅಲ್ಲಿದ್ದ ಶಬ್ದ, ವಾಸನೆ, ಅಲುಗಾಟ ಎಲ್ಲವನ್ನೂ ಅಪಾಯದ ಜೊತೆ ಕಟ್ಟಿ ಇಡುತ್ತದೆ. ನಮ್ಮನ್ನು ಕಾಪಾಡಲಿ ಅಂತ ಸೃಷ್ಟಿಕರ್ತನೇ ಇಟ್ಟ ವ್ಯವಸ್ಥೆ ಅದು. ತೊಂದರೆ ಏನಂದ್ರೆ, ನಾವು ತಪ್ಪಿಸಿಕೊಂಡಾಗಲೆಲ್ಲಾ ತಕ್ಷಣ ನೆಮ್ಮದಿ ಸಿಗುತ್ತದೆ. ಟಿಕೆಟ್ ಕ್ಯಾನ್ಸಲ್ ಮಾಡಿದ ಕೂಡಲೇ ಎಷ್ಟು ಹಗುರ ಅನಿಸುತ್ತೆ! ಆಗ ಮಿದುಳು ಪಾಠ ಕಲಿಯುತ್ತದೆ: ನೋಡು, ಹೋಗಲಿಲ್ಲ, ಅದಕ್ಕೇ ಬದುಕಿದೆ. ಹೀಗೆ ಭಯಕ್ಕೆ ಪ್ರತಿ ಸಲ ಊಟ ಹಾಕಿದಂತಾಗುತ್ತದೆ.

ಆಗ ಕೆಲವರು ನನಗೆ ಇದು ಭಯದ ಆತ್ಮ, ಬಿಡುಗಡೆ ಆಗಬೇಕು ಅಂದರು. ಬಿಡುಗಡೆಯನ್ನು ನಾನು ನಂಬುತ್ತೇನೆ, ಕೈಯಿಟ್ಟು ಪ್ರಾರ್ಥಿಸುವುದನ್ನೂ ನಂಬುತ್ತೇನೆ. ಆದರೆ ಪೆಟ್ಟು ತಿಂದ ಕಾಲು ಕುಂಟಿದರೆ ಅದನ್ನು ದೆವ್ವ ಅನ್ನುವುದಿಲ್ಲ. ಪೆಟ್ಟು ತಿಂದ ಮನಸ್ಸಿಗೂ ಅಷ್ಟೇ ಕರುಣೆ ತೋರಿಸೋಣ.

3. ದೇವರು ಏನು ಹೇಳಿದನು, ಏನು ಹೇಳಲಿಲ್ಲ

ದೂತನು ಪೌಲನಿಗೆ ಕೊಟ್ಟ ಮಾತು ಏನು? ನೀನು ಕೈಸರನ ಮುಂದೆ ನಿಲ್ಲಬೇಕು, ನಿನ್ನ ಜೊತೆ ಇರುವವರ ಜೀವ ಉಳಿಯುತ್ತದೆ, ಹಡಗು ಮಾತ್ರ ಹೋಗುತ್ತದೆ. ಗಾಳಿ ನಿಲ್ಲುತ್ತದೆ ಅಂತ ಹೇಳಲೇ ಇಲ್ಲ. ವಾಗ್ದಾನ ಸಿಕ್ಕಿದ ಮೇಲೂ ಬಿರುಗಾಳಿ ಮುಂದುವರಿಯಿತು. ಹದಿನಾಲ್ಕನೇ ರಾತ್ರಿಯೂ ಕತ್ತಲೇ.

ಇನ್ನೊಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಆ ಮಾತು ಆ ರಾತ್ರಿ ಆ ಹಡಗಿಗೆ ಸಿಕ್ಕಿದ್ದು. ಅದನ್ನು ಹಿಡಿದುಕೊಂಡು ನಾನು ಹತ್ತಿದ ಯಾವ ವಿಮಾನಕ್ಕೂ ಏನೂ ಆಗಲ್ಲ ಅಂತ ಘೋಷಣೆ ಮಾಡಲು ನನಗೆ ಅಧಿಕಾರವಿಲ್ಲ. ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ ಪೇತ್ರನು ಸೆರೆಮನೆಯಿಂದ ಹೊರಗೆ ಬಂದ, ಯಾಕೋಬನು ಕತ್ತಿಯಿಂದ ಸತ್ತ. ಇಬ್ಬರೂ ಯೇಸುವಿನ ಜೊತೆ ನಡೆದವರು. ಬದುಕಿದವರು ಪ್ರಾರ್ಥಿಸಿದ್ದರು, ಸತ್ತವರು ಪ್ರಾರ್ಥಿಸಿರಲಿಲ್ಲ ಅಂತ ನಾವು ಯಾರ ಬಗ್ಗೆಯೂ ಹೇಳಬಾರದು. ದುಃಖದಲ್ಲಿರುವ ಕುಟುಂಬಗಳಿಗೆ ಅದು ಇನ್ನೊಂದು ಪೆಟ್ಟು.

ಹಾಗಾದರೆ ನಮಗಿರುವ ವಾಗ್ದಾನ ಏನು? ರೋಮಾಪುರದವರಿಗೆ 8ರ ಕೊನೆಯಲ್ಲಿ ಪೌಲನು ಒಂದು ಪಟ್ಟಿ ಮಾಡುತ್ತಾನೆ. ಕ್ರಿಸ್ತ ಯೇಸುವಿನಲ್ಲಿರುವ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದ ಸಂಗತಿಗಳ ಪಟ್ಟಿ. ಅದರಲ್ಲಿ ಸಾವು ಇದೆ, ಜೀವ ಇದೆ. ಎತ್ತರವೂ ಇದೆ! 35 ಸಾವಿರ ಅಡಿಯೂ ಅದರೊಳಗೆ ಬರುತ್ತೆ. ವಿಮಾನ ಕುಲುಕದಿರುವುದು ನಮ್ಮ ನಿರೀಕ್ಷೆಯಾದರೆ ಮೊದಲ ಮೋಡಕ್ಕೇ ಅದು ಒಡೆದುಹೋಗುತ್ತದೆ. ಏನೇ ಆದರೂ ಆತನ ಕೈಯಿಂದ ಜಾರುವುದಿಲ್ಲ ಅನ್ನೋದು ನಮ್ಮ ನಿರೀಕ್ಷೆಯಾದರೆ ಅದಕ್ಕೆ ಹವಾಮಾನ ವರದಿ ಬೇಕಿಲ್ಲ.

4. ನಂಬಿಕೆ ಆಳ ಅಳೆಯುತ್ತದೆ

ಕೆಲವರು ನಂಬಿಕೆ ಇದ್ದರೆ ಬುದ್ಧಿ ಬೇಡ ಅಂದುಕೊಳ್ತಾರೆ. ಈ ಅಧ್ಯಾಯ ಓದಿದರೆ ಹಾಗನ್ನಲು ಆಗಲ್ಲ. ಪ್ರಯಾಣದ ಕಾಲ ಮುಗಿಯಿತು, ಈಗ ಹೊರಟರೆ ನಷ್ಟ ಅಂತ ಮೊದಲೇ ಎಚ್ಚರಿಸಿದವನು ಪೌಲನೇ. ನಾವಿಕರು ಹಡಗಿನ ಸುತ್ತ ಹಗ್ಗ ಬಿಗಿದರು. ನೀರಿನ ಆಳ ಅಳೆದರು: ಮೊದಲು 20 ಮಾರು, ಆಮೇಲೆ 15 ಮಾರು. ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿದರು. ನಾವಿಕರು ದೋಣಿ ಇಳಿಸಿ ಓಡಿಹೋಗಲು ನೋಡಿದಾಗ ಪೌಲನು ಶತಾಧಿಪತಿಗೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿದ. ದೇವದೂತನ ಮಾತು ಕೈಯಲ್ಲಿದ್ದರೂ ಕೆಲಸ ಗೊತ್ತಿರುವ ನಾವಿಕರು ಬೇಕು ಅಂದ!

ಆದ್ದರಿಂದ ನಾನೂ ಆಳ ಅಳೆಯಲು ಕೂತೆ, ವಿಮಾನದ ಬಗ್ಗೆ ಓದಿದೆ. ಕೆಲವು ಸಂಗತಿ ನಿಮಗೂ ಹೇಳ್ತೀನಿ.

ಟರ್ಬ್ಯುಲೆನ್ಸ್ ಅಂದರೆ ಗಾಳಿಯ ಅಸಮ ಹರಿವು. ಶಿರಾಡಿ ಘಾಟಿನ ಗುಂಡಿಗಳಲ್ಲಿ ಬಸ್ಸು ಕುಲುಕಿದಾಗ ನಮಗೆ ಸೊಂಟ ನೋಯುತ್ತದೆ, ಬಸ್ಸು ಎರಡು ತುಂಡಾಗುತ್ತೆ ಅಂತ ಅನಿಸಲ್ಲ. ಸಾವಿರ ಅಡಿ ಬಿದ್ದೆವು ಅಂತ ನಮಗೆ ಅನಿಸುವ ಕುಸಿತ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ರೆಕ್ಕೆ ಅಲುಗಾಡುವುದನ್ನು ನೋಡಿ ಹೆದರುತ್ತೇವೆ, ಆದರೆ ಅದು ಬಾಗಲಿ ಅಂತಲೇ ಹಾಗೆ ಮಾಡಿದ್ದಾರೆ. 2010ರ ಮಾರ್ಚ್‌ನಲ್ಲಿ ಬೋಯಿಂಗ್ 787ರ ರೆಕ್ಕೆಗಳಿಗೆ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟು ಹೊರೆ ಹಾಕಿ ಪರೀಕ್ಷೆ ಮಾಡಿದರು. ರೆಕ್ಕೆ ಸುಮಾರು 25 ಅಡಿ ಮೇಲಕ್ಕೆ ಬಾಗಿತು, ಮುರಿಯಲಿಲ್ಲ.

ನನ್ನನ್ನು ಬಹಳ ಹೆದರಿಸಿದ್ದು ಇಳಿಯುತ್ತಿದ್ದ ವಿಮಾನ ಮತ್ತೆ ಏರಿದ್ದು. ಅದಕ್ಕೆ ಗೋ-ಅರೌಂಡ್ ಅಂತಾರೆ. ಗಾಳಿ ಸರಿಯಿಲ್ಲ ಅನಿಸಿದರೆ ಇಳಿಯದೆ ಮೇಲೇರುವುದು ಪೈಲಟ್‌ಗಳು ಮತ್ತೆ ಮತ್ತೆ ಅಭ್ಯಾಸ ಮಾಡುವ ಸಾಮಾನ್ಯ ಕ್ರಮ. ಬೇರೆ ಊರಿಗೆ ಹೋಗಿ ಇಳಿಯಲು ಬೇಕಾದ ಇಂಧನವನ್ನೂ ಹೊರಡುವಾಗಲೇ ಲೆಕ್ಕ ಹಾಕಿ ತುಂಬಿಸಿರುತ್ತಾರೆ. ನಾನು ಸಾವು ಅಂದುಕೊಂಡ ಆ ಗರ್ಜನೆ ನಿಜವಾಗಿ ನಮ್ಮನ್ನು ಸುರಕ್ಷಿತವಾಗಿಡಲು ಒಬ್ಬ ಪೈಲಟ್ ತೆಗೆದುಕೊಂಡ ನಿರ್ಧಾರ. ಇದನ್ನು ತಿಳಿದ ದಿನ ನಾನು ದೇವರಿಗೆ ಮತ್ತೆ ಸ್ತೋತ್ರ ಹೇಳಿದೆ, ಈ ಸಲ ಅರ್ಥ ಮಾಡಿಕೊಂಡು.

ಸೀಟ್‌ಬೆಲ್ಟ್ ಬಗ್ಗೆ ಒಂದು ಮಾತು. ಟರ್ಬ್ಯುಲೆನ್ಸ್‌ನಲ್ಲಿ ಗಾಯ ಆಗೋದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. ಕೂತಿರುವಷ್ಟು ಹೊತ್ತೂ ಹಾಕಿಕೊಂಡಿರಿ.

5. ಮೂರು ತಿಂಗಳಾದ ಮೇಲೆ

ಈಗ ಪಾಠದ ಮುಖ್ಯ ವಚನಕ್ಕೆ ಬರೋಣ. 27ನೇ ಅಧ್ಯಾಯದ ಮೇಲೆ ನೂರಾರು ಪ್ರಸಂಗ ಕೇಳಿದ್ದೇವೆ, 28:11ರ ಮೇಲೆ ಕೇಳಿದ್ದು ಕಡಿಮೆ. ಹಡಗು ಒಡೆಯಿತು, ಕೆಲವರು ಈಜಿ, ಕೆಲವರು ಹಲಗೆ ಹಿಡಿದು ಮೆಲೀತೆ ದ್ವೀಪದ ದಡ ಸೇರಿದರು. ಈಗ ಅದನ್ನು ಮಾಲ್ಟಾ ಅಂತೀವಿ. ಮೂರು ತಿಂಗಳು ಅಲ್ಲಿದ್ದರು. ಆಮೇಲೆ? ಅಲ್ಲಿ ಚಳಿಗಾಲ ಕಳೆದಿದ್ದ ಅಲೆಕ್ಸಾಂದ್ರಿಯದ ಇನ್ನೊಂದು ಹಡಗನ್ನು ಹತ್ತಿ ಹೊರಟರು.

ಅಷ್ಟೇ. ಒಂದೇ ವಚನ. ಆದರೆ ಯೋಚಿಸಿ. ಒಡೆದ ಹಡಗೂ ಅಲೆಕ್ಸಾಂದ್ರಿಯದ್ದೇ, ಇದೂ ಅಲೆಕ್ಸಾಂದ್ರಿಯದ್ದೇ. ಅದೇ ಸಮುದ್ರ. ಅಷ್ಟೇ ಅಲ್ಲ, ಇದಕ್ಕಿಂತ ಕೆಲವು ವರ್ಷ ಮೊದಲೇ 2 ಕೊರಿಂಥ 11:25ರಲ್ಲಿ ಪೌಲನು ತನ್ನ ಹಡಗು ಮೂರು ಸಲ ಒಡೆದಿತ್ತು, ಒಂದು ಹಗಲು ಒಂದು ರಾತ್ರಿ ಸಮುದ್ರದಲ್ಲೇ ಕಳೆದೆ ಅಂತ ಬರೆದಿದ್ದ. ಹಾಗಾದರೆ ಮೆಲೀತೆಯದ್ದು ನಾಲ್ಕನೆಯದು! ಆದರೂ ಹತ್ತಿದ. ಕೈದಿಯಾಗಿದ್ದ, ಬೇರೆ ದಾರಿ ಇರಲಿಲ್ಲ ಅನ್ನಬಹುದು. ನಿಜ. ಆದರೆ ಮೊದಲ ಮೂರು ಸಲ ಅವನು ಸುವಾರ್ತೆಗಾಗಿ ಹೊರಟವನು. ಪ್ರತಿ ಸಲ ಒಡೆದ ಮೇಲೆ ಮತ್ತೆ ಹತ್ತಿದ್ದಾನೆ, ಯಾಕಂದ್ರೆ ಆಚೆ ದಡದಲ್ಲಿ ಅವನು ಪ್ರೀತಿಸುವ ಜನರಿದ್ದರು.

2 ತಿಮೊಥೆಯ 1:7ನ್ನು ನಾವು ಭಯವನ್ನು ಗದರಿಸಲು ಬಳಸುತ್ತೇವೆ. ಅಲ್ಲಿ ದೇವರಾತ್ಮನು ಕೊಡುವ ಮೂರು ಸಂಗತಿಗಳಿವೆ: ಬಲ, ಪ್ರೀತಿ, ಮನಸ್ಸಿನ ಹತೋಟಿ. ಬಲವನ್ನು ಎಲ್ಲರೂ ಕೂಗಿ ಹೇಳ್ತೀವಿ. ನನ್ನನ್ನು ಎಬ್ಬಿಸಿದ್ದು ನಡುವಿನದು. ದುಬೈಯಲ್ಲಿ ಕೆಲಸ ಮಾಡುವ ನನ್ನ ಅಣ್ಣನಿಗೆ ಹೃದಯದ ಶಸ್ತ್ರಚಿಕಿತ್ಸೆ ಅಂತ ಫೋನ್ ಬಂತು, ಆರು ವಾರ ಸಮಯ ಇತ್ತು. ದುಬೈಗೆ ರೈಲು ಇಲ್ಲ.

ಆ ಆರು ವಾರ ಏನು ಮಾಡಿದೆ ಹೇಳ್ತೀನಿ. ಒಬ್ಬ ಆಪ್ತಸಮಾಲೋಚಕರನ್ನು ಭೇಟಿಯಾದೆ. ಅವರು ಹೇಳಿದಂತೆ ಸಣ್ಣ ಸಣ್ಣ ಮೆಟ್ಟಿಲು ಹತ್ತಿದೆ. ಮೊದಲ ವಾರ ವಿಮಾನದ ಶಬ್ದಗಳನ್ನು ಮೊಬೈಲಿನಲ್ಲಿ ಕೇಳಿದೆ. ಆಮೇಲೆ ದೇವನಹಳ್ಳಿ ಕಡೆ ಹೋಗಿ ರಸ್ತೆ ಬದಿ ನಿಂತು, ಒಂದರ ಹಿಂದೆ ಒಂದು ವಿಮಾನ ಇಳಿಯುವುದನ್ನು ಮೈ ಶಾಂತವಾಗುವವರೆಗೆ ನೋಡಿದೆ. ನಾಲ್ಕನೇ ವಾರ ಸಭೆಯ ಒಬ್ಬ ಸಹೋದರನ ಜೊತೆ ಚೆನ್ನೈಗೆ ಹೋದೆ, ಒಂದು ಗಂಟೆಯ ಫ್ಲೈಟ್. ಕೈ ನಡುಗಿತು. ನಿಧಾನವಾಗಿ ಉಸಿರು ಬಿಡುತ್ತಾ ಅವನ ಕೈ ಹಿಡಿದುಕೊಂಡೆ. ಗಾಬರಿಯ ಅಲೆ ಎದ್ದಿತು, ತುದಿ ಮುಟ್ಟಿತು, ತಾನಾಗಿಯೇ ಇಳಿಯಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ಇಳಿಯುವುದನ್ನು ನೋಡಿದೆ.

ಆರನೇ ವಾರ ದುಬೈಗೆ ಹಾರಿದೆ. ಅಣ್ಣನನ್ನು ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗುವ ಮೊದಲು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಅವನು ಚೆನ್ನಾಗಿದ್ದಾನೆ, ದೇವರಿಗೆ ಮಹಿಮೆ. ಈಗ ನನಗೆ ಭಯ ಪೂರ್ತಿ ಹೋಗಿದೆಯಾ? ಇಲ್ಲ. ಕುಲುಕಾಡಿದರೆ ಈಗಲೂ ಎದೆ ಬಡಿಯುತ್ತದೆ. ಆದರೆ ಟಿಕೆಟ್ ಬುಕ್ ಮಾಡೋದು ಈಗ ನಾನು, ಭಯ ಅಲ್ಲ.

6. ಧೈರ್ಯ ಎಲ್ಲಿ ಸಿಕ್ಕಿತು?

28:15ನ್ನು ಬಿಟ್ಟು ಮುಗಿಸಬಾರದು. ಪೌಲನು ಸುರಕೂಸ, ರೇಗಿಯ, ಪೊತಿಯೋಲ ದಾಟಿ ನೆಲದ ಮೇಲೆ ರೋಮಾಪುರದ ಕಡೆ ನಡೆಯುತ್ತಿದ್ದಾನೆ. ಸಮುದ್ರ ಮುಗಿಯಿತು. ಆಗ ರೋಮಾಪುರದ ಸಹೋದರರು ಬಹಳ ದೂರ ನಡೆದು ಬಂದು ಅವನನ್ನು ಎದುರುಗೊಂಡರು. ಅವರನ್ನು ನೋಡಿ ಪೌಲನು ದೇವರ ಸ್ತೋತ್ರ ಮಾಡಿ ಧೈರ್ಯ ತಂದುಕೊಂಡನು ಅಂತ ಲೂಕ ಬರೆಯುತ್ತಾನೆ. ದೂತನನ್ನು ನೋಡಿದವನಿಗೂ ನಾಲ್ಕು ಮನುಷ್ಯರ ಮುಖ ಬೇಕಾಯಿತು! ಸಭೆ ಇರುವುದು ಇದಕ್ಕೇ. ನಿಮ್ಮ ಸೆಲ್ ಗ್ರೂಪಿನಲ್ಲಿ ಯಾರಾದರೂ ಹೆದರುತ್ತಿದ್ದರೆ "ನಂಬಿಕೆ ಇಲ್ವಾ?" ಅಂತ ಕೇಳಬೇಡಿ. ಏರ್‌ಪೋರ್ಟ್‌ವರೆಗೆ ಜೊತೆಗೆ ಹೋಗಿ.

ಈ ವಾರ ಮಾಡಬೇಕಾದದ್ದು

- ನಿಮ್ಮ ಭಯಕ್ಕೆ ಹೆಸರಿಡಿ. ವಿಮಾನ, ಲಿಫ್ಟ್, ಆಕ್ಸಿಡೆಂಟ್ ಆದ ಮೇಲೆ ಬೈಕ್, ಏನೇ ಇರಲಿ. ಬರೆದು ದೇವರ ಮುಂದೆ ಇಡಿ.
- ಆ ಭಯದಿಂದ ಯಾರನ್ನು ಭೇಟಿಯಾಗದೆ ಇದ್ದೀರಿ, ಯಾವ ಸೇವೆ ನಿಂತಿದೆ ಅಂತ ಅದರ ಕೆಳಗೆ ಬರೆಯಿರಿ.
- ಒಂದು ಸಣ್ಣ ಮೆಟ್ಟಿಲು ಆರಿಸಿ, ಒಬ್ಬ ವಿಶ್ವಾಸಿಗೆ ಹೇಳಿ, ಜೊತೆಗೆ ಹತ್ತಿ.
- ನಿದ್ರೆ ಕೆಟ್ಟಿದ್ದರೆ, ಗಾಬರಿ ಪದೇ ಪದೇ ಬರುತ್ತಿದ್ದರೆ ವೈದ್ಯರನ್ನು ನೋಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಲೂಕನೂ ವೈದ್ಯನೇ, ಮರೆಯಬೇಡಿ.
- ಬಿರುಗಾಳಿಯಲ್ಲಿ ಪೌಲನು ಎಲ್ಲರಿಗೂ ಊಟ ಮಾಡಿ ಅಂದ, ತಾನೇ ರೊಟ್ಟಿ ಮುರಿದು ತಿಂದ. ಪ್ರಯಾಣದ ದಿನ ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ.

ಪ್ರಾರ್ಥನೆ

ತಂದೆಯೇ, ಹೆದರಿದ ನಿನ್ನ ಮಕ್ಕಳು ನಿನ್ನ ಮುಂದೆ ನಿಂತಿದ್ದೇವೆ. ಪ್ರಯಾಣದಲ್ಲಿ ಪ್ರಿಯರನ್ನು ಕಳೆದುಕೊಂಡ ಕುಟುಂಬಗಳನ್ನು ಆದರಿಸು. ಆಕಾಶದಲ್ಲಿಯೂ ಸಮುದ್ರದಲ್ಲಿಯೂ ಕೆಲಸ ಮಾಡುವವರಿಗೆ ವಿವೇಕ ಕೊಡು. ಒಡೆದ ಹಡಗಿನ ನೆನಪು ನಮ್ಮನ್ನು ದಡದಲ್ಲೇ ಕಟ್ಟಿಹಾಕದಿರಲಿ. ಆಚೆ ದಡದಲ್ಲಿ ನಮಗಾಗಿ ಕಾಯುತ್ತಿರುವವರನ್ನು ತೋರಿಸು. ಕೈ ನಡುಗಿದರೂ ಕಾಲು ಮುಂದಿಡುವಂತೆ ನಿನ್ನ ಆತ್ಮನಿಂದ ನಮ್ಮನ್ನು ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.